ಒಂದೇ ಸಲದ ಉಪ್ಪು

ಹಮೀದಾ ಆ ಮಾತು ಆಡಿದ್ದು ಮಗಳ ಮದುವೆಯ ದಿನ, ಬೆಳಗಿನ ನಮಾಜು ಮುಗಿಸಿ ಸನಾವುಲ್ಲಾ ಚಾಪೆ ಮಡಿಸುತ್ತಿದ್ದಾಗ. ಮಗಳ ಬಳೆಗಳನ್ನು ಹಳೆಯ ದುಪಟ್ಟಾದ ಚೂರಿನಲ್ಲಿ ಒಂದೊಂದಾಗಿ ಸುತ್ತಿಡುತ್ತ, ಹಾಲಿನವನು ಇನ್ನೂ ಬಂದಿಲ್ಲ ಎನ್ನುವಷ್ಟೇ ಸಲೀಸಾಗಿ ಹೇಳಿದಳು: "ಮೊನ್ನೆ ಬುಧವಾರದ ಸಾರಿಗೆ ನಾನು ಉಪ್ಪೇ ಹಾಕಿರ್ಲಿಲ್ಲ. ನೀವು ಎರಡು ಸಲ ಹಾಕಿಸ್ಕೊಂಡು ಉಂಡ್ರಿ. ಮಜವಾಗಿದೆ ಅಂತ ಬೇರೆ ಅಂದ್ರಿ." ಸನಾವುಲ್ಲಾ ಮಡಿಸಿದ್ದ ಚಾಪೆಯನ್ನು ಬಿಚ್ಚಿ ಮತ್ತೆ ಮಡಿಸಿದ. ಐದು ತಿಂಗಳು ಯಾರ ಕಣ್ಣಿಗೂ ಬೀಳದಂತೆ ಬಚ್ಚಿಟ್ಟಿದ್ದೇನೆ ಎಂದುಕೊಂಡಿದ್ದ ಗುಟ್ಟು ತನ್ನ ಮನೆಯ ಒಲೆಯ ಮುಂದೆಯೇ ಎಷ್ಟೋ ದಿನದಿಂದ ಬಯಲಾಗಿ ಕುಳಿತಿತ್ತೆಂದರೆ, ಇಷ್ಟು ದಿನ ಪ್ರತಿ ತುತ್ತಿಗೂ ನಾಲಿಗೆ ಚಪ್ಪರಿಸಿದ್ದು, ಖಾರ ಹೆಚ್ಚಾಯಿತೆಂದು ಸುಮ್ಮನೆ ಗದರಿದ್ದು, ಎಲ್ಲವನ್ನೂ ಇವಳು ನಾಟಕ ನೋಡುವಂತೆ ನೋಡುತ್ತಿದ್ದಳೆಂದಾಯಿತು. ಕಿವಿ ಬಿಸಿಯಾಯಿತು. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಬಂದದ್ದು ನಾಚಿಕೆ.

ಮಾಘದ ಚಳಿಯಲ್ಲಿ ಬಂದ ಜ್ವರ ಒಂಬತ್ತು ದಿನ ಇತ್ತು. ಹತ್ತನೆಯ ದಿನ ಎದ್ದು ಬಾಗಿಲು ತೆಗೆದರೆ ಶಿವಾಜಿನಗರವೇ ಇರಲಿಲ್ಲ. ಕಣ್ಣಿಗೆ ಇತ್ತು; ಜಟಕಾ ಸ್ಟ್ಯಾಂಡು, ಮೀನಿನ ಬುಟ್ಟಿಗಳು, ಮಲ್ಲಿಗೆಯ ರಾಶಿ, ಕಾಫಿಬೀಜ ಹುರಿಯುವ ಅಂಗಡಿಯ ಹೊಗೆ, ಎಲ್ಲ ಇದ್ದ ಜಾಗದಲ್ಲೇ ಇದ್ದವು. ಆದರೆ ಯಾವುದಕ್ಕೂ ವಾಸನೆಯಿಲ್ಲ, ಗೋಡೆಗೆ ಬರೆದ ಚಿತ್ರದ ಹಾಗೆ. ಚಹಾ ಬಾಯಿಗೆ ಹೋದರೆ ಬರೀ ಬಿಸಿ. ಲವಂಗ ಕಚ್ಚಿದರೆ ನಾಲಿಗೆ ಉರಿಯಿತು, ಲವಂಗ ಮಾತ್ರ ಸಿಗಲಿಲ್ಲ. ಮದುವೆ ಮನೆಗಳಲ್ಲಿ ಅಡುಗೆ ಮಾಡುವ ಬಾವರ್ಚಿ ಅವನು. ಫ್ರೇಜರ್ ಟೌನಿನ ದೊಡ್ಡವರು ಸನಾವುಲ್ಲಾ ಯಾವತ್ತು ಬಿಡುವಾಗಿದ್ದಾನೆಂದು ವಿಚಾರಿಸಿಕೊಂಡು ನಿಕಾಹ್‌ಗೆ ದಿನ ಹಿಡಿಯುತ್ತಿದ್ದರು. ಹಕೀಮರು ಕಷಾಯ ಕೊಟ್ಟರು. ಆಸ್ಪತ್ರೆಯ ಡಾಕ್ಟರು ಮೂಗಿನೊಳಗೆ ದೀಪ ಹಿಡಿದು ನೋಡಿ, ಇದಕ್ಕೆ ನಮ್ಮ ಹತ್ತಿರ ಮದ್ದಿಲ್ಲ, ತಾನಾಗಿ ಬಂದರೆ ಬಂತು ಎಂದರು. ದರ್ಗಾದಲ್ಲಿ ದಾರ ಕಟ್ಟಿದ. ಶುಂಠಿಯ ರಸ ಮೂಗಿಗೆ ಬಿಟ್ಟುಕೊಂಡು ಕಣ್ಣೀರು ಸುರಿಸಿದ. ಮಾಡಬಹುದಾದದ್ದೆಲ್ಲ ಮುಗಿಯಿತು. ಮುಗಿದ ಮೇಲೂ ಅವನು ಬಿಡಲಿಲ್ಲ. ದಿನಾ ಬೆಳಿಗ್ಗೆ ಎದ್ದವನು ಮೊದಲು ಬೆಳ್ಳುಳ್ಳಿಯ ಎಸಳೊಂದನ್ನು ಉಗುರಿನಿಂದ ಕೆರೆದು ಮೂಗಿಗೆ ಹಿಡಿಯುತ್ತಿದ್ದ, ಬೀಗ ಬದಲಾದ ಮನೆಗೆ ಹಳೆಯ ಕೀಲಿ ಹಾಕಿ ನೋಡುವವನ ಹಾಗೆ.

"ಅಕ್ತರನಿಗೆ ಹೇಳಿಕಳಿಸ್ಲಾ?" ಎಂದಳು ಹಮೀದಾ. ಅಕ್ತರ್ ಪಕ್ಕದ ಬೀದಿಯ ಬಾವರ್ಚಿ. "ಅವನು ಬಂದು ಬಿರಿಯಾನಿ ದೇಗ ಇಳಿಸಿಕೊಡ್ತಾನೆ. ಯಾರೂ ಏನೂ ಅಂದ್ಕೊಳ್ಳಲ್ಲ. ಹುಡುಗಿಯ ಅಪ್ಪನಿಗೆ ನೂರು ಕೆಲಸ."

"ಊರೋರ ಮಕ್ಕಳಿಗೆಲ್ಲ ಮಾಡಿದೀನಿ. ನನ್ನ ವಾಜಿದಾಗೆ ಅಕ್ತರ್ ಮಾಡ್ಬೇಕಾ?"

"ಹಾಗಾದ್ರೆ ಅಲ್ಲಾಹನ ಮೇಲೆ ಬಿಡಿ."

"ಬಿಟ್ಟಿದೀನಲ್ಲ."

ಹಮೀದಾ ಬಳೆಯ ಗಂಟನ್ನು ಬದಿಗಿಟ್ಟು ಮೊದಲ ಸಲ ಅವನ ಮುಖ ನೋಡಿದಳು. "ಬಿಟ್ಟಿಲ್ಲ. ಬಿಟ್ಟೋರ ಮುಖ ಹೀಗಿರಲ್ಲ. ಅರ್ಧ ಅವನ ಕೈಗೆ ಕೊಟ್ಟು ಇನ್ನರ್ಧ ಬಿಗಿಯಾಗಿ ಹಿಡ್ಕೊಂಡಿದೀರ. ಬಟ್ಟೆ ಹರಿಯೋದು ಹಾಗೇನೇ."

ಅವನು ಟೋಪಿ ತಲೆಗಿಟ್ಟುಕೊಂಡು, ಇನ್ನೂ ಕತ್ತಲು ಬಿಡದ ಬೀದಿಗೆ ಇಳಿದ. ಕಾಲುಗಳು ಹಲಸೂರಿನ ಕಡೆಗೆ ತಿರುಗಿದಾಗ ಅವನಿಗೆ ತಾನು ಎಲ್ಲಿಗೆ ಹೊರಟಿದ್ದೇನೆಂದು ತಿಳಿಯಿತು, ಮತ್ತು ತಿಳಿದ ಕೂಡಲೇ ಹೆಜ್ಜೆ ನಿಧಾನವಾಯಿತು.

ಜೋಗುಪಾಳ್ಯದ ಚಿಕ್ಕಮುನಿಯಮ್ಮ ಮೂವತ್ತು ವರ್ಷ ಅವನ ಅಡುಗೆಗಳಿಗೆ ಈರುಳ್ಳಿ ಹೆಚ್ಚಿದವಳು. ಅವನ ಅಪ್ಪನ ಕಾಲದಲ್ಲೇ ಬಂದವಳು; ಒಂದು ಮೂಟೆ ಈರುಳ್ಳಿಯನ್ನು ಕಣ್ಣಲ್ಲಿ ನೀರು ಬರಿಸಿಕೊಳ್ಳದೆ, ಕಾಗದದಷ್ಟು ತೆಳುವಾಗಿ, ಎಲ್ಲ ಒಂದೇ ಸಮ ಹೆಚ್ಚುವಳು. ಬೇಸಿಗೆಯ ಆರಂಭದಲ್ಲಿ ಫ್ರೇಜರ್ ಟೌನಿನ ಮಂಜೂರ್ ಸಾಹೇಬರ ಮಗನ ಮದುವೆ. ತೊಗಲಿನ ವ್ಯಾಪಾರಿ, ಮುನ್ನೂರು ಜನರ ಊಟ. ಎಸರು ಕುದಿಯುವಾಗ ಸನಾವುಲ್ಲಾ ಎಂದಿನ ಅಳತೆಯಲ್ಲೇ ಉಪ್ಪು ಹಾಕಿದ್ದ. ಕೈಗೆ ಗೊತ್ತಿದ್ದ ಅಳತೆ. ಆದರೆ ಸೌಟಿನ ತುದಿಯಿಂದ ಒಂದು ಹನಿ ನಾಲಿಗೆಗೆ ಬಿಟ್ಟುಕೊಂಡಾಗ ಬಿಸಿನೀರು ಮಾತ್ರ ಸಿಕ್ಕಿತು. ಹಾಕಿದ್ದೆನೆ? ಹಾಕಬೇಕೆಂದುಕೊಂಡು ಮರೆತೆನೆ? ಕೈಯ ಮಾತನ್ನು ನಂಬದೆ ಮತ್ತೊಂದು ಸಲ ಹಾಕಿದ. ಪಂಕ್ತಿಯಲ್ಲಿ ಕುಳಿತ ಮುನ್ನೂರು ಜನ ಒಂದೊಂದೇ ತುತ್ತಿಗೆ ಕೈ ನಿಲ್ಲಿಸಿದ್ದು, ನೀರಿನ ಹೂಜಿಗಳು ಓಡಾಡಿದ್ದು, ಮಂಜೂರ್ ಸಾಹೇಬರು ಒಲೆಯ ಹತ್ತಿರ ಬಂದು ಸದ್ದಿಲ್ಲದೆ ನಿಂತದ್ದು. ಆ ಕ್ಷಣದಲ್ಲಿ ಸನಾವುಲ್ಲಾನ ಬಾಯಿ, ರುಚಿ ಸತ್ತ ಆ ಬಾಯಿ, ತನ್ನಷ್ಟಕ್ಕೆ ಮಾತಾಡಿತು: "ಈ ಮುದುಕಿ ಹಾಕಿರ್ಬೇಕು ಸಾಬ್. ನಾನು ಆ ಕಡೆ ಹೋದಾಗ." ಚಿಕ್ಕಮುನಿಯಮ್ಮ ಈಳಿಗೆಮಣೆ ತೊಳೆಯುತ್ತಿದ್ದಳು. ತಲೆಯೆತ್ತಿ ಅವನನ್ನು ನೋಡಿದಳು. ಇಲ್ಲ ಎನ್ನಲಿಲ್ಲ. ಮಂಜೂರ್ ಸಾಹೇಬರು ಎಲ್ಲರ ಎದುರಿಗೆ ಅವಳನ್ನು ಎದ್ದು ಹೋಗೆಂದರು. ಈಳಿಗೆಮಣೆಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಜೋಡಿಸಿಟ್ಟಿದ್ದ ಚಪ್ಪಲಿಗಳ ಸಾಲನ್ನು ಬಳಸಿ, ಅವಳು ಗೇಟು ದಾಟಿದ್ದನ್ನು ಅವನು ಉರಿಯ ಮರೆಯಿಂದ ನೋಡಿದ. ಆಮೇಲೆ ಯಾವ ಬಾವರ್ಚಿಯೂ ಅವಳನ್ನು ಕರೆಯಲಿಲ್ಲವೆಂಬ ಸುದ್ದಿ ಅವನಿಗೆ ಬಂದಿತ್ತು. ಬಂದ ಸುದ್ದಿಯನ್ನು ಕೇಳಿಸಿಕೊಳ್ಳದವನ ಹಾಗೆ ಇದ್ದ.

ಈಗ ಅವಳ ಮನೆಗೆ ಹೊರಟಿದ್ದಾನೆ. ಕ್ಷಮೆ ಕೇಳುವುದಕ್ಕೋ? ಹಲಸೂರು ಕೆರೆಯ ದಂಡೆಯಲ್ಲಿ ಮಿಲಿಟರಿ ಲಾರಿಗಳು ಸಾಲಾಗಿ ಹೋಗುವುದಕ್ಕೆ ದಾರಿ ಬಿಟ್ಟು ನಿಂತಾಗ ಅವನು ತನ್ನನ್ನೇ ಕೇಳಿಕೊಂಡ, ಉತ್ತರವೂ ಸಿಕ್ಕಿತು. ಅಲ್ಲ. ತನಗೆ ಒಂದು ನಾಲಿಗೆ ಬೇಕಾಗಿದೆ. ಯುದ್ಧದ ಕಾಲ, ಅಕ್ಕಿಗೆ ರೇಷನ್. ನೆಂಟರಿಷ್ಟರು ತಿಂಗಳುಗಟ್ಟಲೆ ಗಂಜಿ ಕುಡಿದು ಉಳಿಸಿಕೊಟ್ಟ ಅಕ್ಕಿ ವಾಜಿದಾಳ ಮದುವೆಗೆಂದು ಒಂದು ಮೂಟೆಯಾಗಿದೆ. ಕೆಟ್ಟರೆ ಇನ್ನೊಂದು ಮೂಟೆ ಊರಿನಲ್ಲೇ ಇಲ್ಲ. ಬಾಯಿಗೆ ಬಿಟ್ಟುಕೊಂಡು 'ಸರಿಯಾಗಿದೆ' ಎಂದು ಹೇಳಬಲ್ಲ, ಹೇಳಿ ಬಾಯಿ ಮುಚ್ಚಿಕೊಂಡಿರಬಲ್ಲ ಜೀವ ಅವನಿಗೆ ಗೊತ್ತಿದ್ದದ್ದು ಒಂದೇ, ಮತ್ತು ಆ ಜೀವದ ಬಾಯಿಗೆ ಅವನೇ ಮಣ್ಣು ಹಾಕಿದ್ದ. ಲಾರಿಗಳ ಹೊಗೆ ಮುಖಕ್ಕೆ ಹೊಡೆಯಿತು. ಬೇರೆಯವರು ಮೂಗು ಮುಚ್ಚಿಕೊಂಡರು. ಅವನು ಸುಮ್ಮನೆ ನಿಂತಿದ್ದ.

ಚಿಕ್ಕಮುನಿಯಮ್ಮ ಬಾಗಿಲ ಮುಂದೆ ದಂಟಿನ ಸೊಪ್ಪನ್ನು ಕಟ್ಟು ಕಟ್ಟುತ್ತ ಕುಳಿತಿದ್ದಳು. ಸ್ನಾನವಾಗಿತ್ತು, ಹಣೆಯ ಕುಂಕುಮ ಇನ್ನೂ ಹಸಿ. ಅವನನ್ನು ಕಂಡು ಎದ್ದೇಳಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

"ಏನ್ ಸಾಬ್ರೇ, ಮಗಳ ಮದುವೆ ದಿನ ಸೊಪ್ಪು ತಗೊಳ್ಳೋಕೆ ಇಷ್ಟು ದೂರ ಬಂದ್ರಾ?"

"ಅಕ್ಕಾ." ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. "ಅವತ್ತು ಉಪ್ಪು ಹಾಕಿದ್ದು ನಾನು."

"ಅದು ನಂಗೊತ್ತಿಲ್ವಾ? ನಾನು ಹಾಕಿಲ್ಲ ಅಂದ್ಮೇಲೆ ನೀವೇ ಹಾಕಿರ್ಬೇಕು. ದೇವರು ಬಂದು ಹಾಕೋಗಿರ್ತಾನಾ?" ಅವಳು ಬಾಳೆನಾರನ್ನು ಹಲ್ಲಿನಿಂದ ಸೀಳಿದಳು. "ಎರಡು ಸಲ ಹಾಕಿದ್ರಿ. ನಾನು ನೋಡ್ತಾನೇ ಇದ್ದೆ."

"ನೋಡ್ತಿದ್ರೆ ಯಾಕೆ ತಡೀಲಿಲ್ಲ?"

"ಮೂವತ್ತು ವರ್ಷದಲ್ಲಿ ನಿಮ್ಮ ಕೈ ಒಂದ್ಸಲ ತಪ್ಪಿರ್ಲಿಲ್ಲವಲ್ಲ. ಏನೋ ಕಾರಣ ಇರ್ತದೆ ಅಂದ್ಕೊಂಡೆ."

ಅವನು ಅವಳ ಹೊಸ್ತಿಲ ಹೊರಗೆ, ನೆಲದ ಮೇಲೇ ಕುಳಿತುಬಿಟ್ಟ. ಆ ಒಂದು ನೋಟದಲ್ಲಿ ಬೈಗುಳ ಇತ್ತು, ಶಾಪ ಇತ್ತು ಎಂದು ಇಷ್ಟು ದಿನ ಅಂದುಕೊಂಡಿದ್ದ. ಅದರಲ್ಲಿ ಇದ್ದದ್ದು ಇದು. ಅವನು ಎಲ್ಲವನ್ನೂ ಹೇಳಿದ. ಜ್ವರ, ಬೆಳ್ಳುಳ್ಳಿ, ಹಕೀಮರು, ಉಪ್ಪಿಲ್ಲದ ಸಾರು. ಹೇಳುತ್ತ ಹೇಳುತ್ತ ತನ್ನ ದನಿಯಲ್ಲೇ ಬೇಡುವವನ ಅಭ್ಯಾಸದ ರಾಗವೊಂದು ಸೇರಿಕೊಂಡದ್ದು ತನಗೇ ಕೇಳಿಸಿ ಅಸಹ್ಯವಾಯಿತು. ಕೊನೆಗೆ ಬಂದ ಕೆಲಸವನ್ನೂ ಹೇಳಿದ: "ಇವತ್ತು ಒಂದು ದಿನ ಬಾ ಅಕ್ಕ. ಎಸರಿಂದ ಒಂದೇ ಒಂದು ಹನಿ ಬಾಯಿಗೆ ಬಿಟ್ಕೊಂಡು ಹೇಳು. ಸಾಕು."

ಚಿಕ್ಕಮುನಿಯಮ್ಮ ಕಟ್ಟಿದ ಸೊಪ್ಪನ್ನು ಬುಟ್ಟಿಗಿಟ್ಟಳು. "ಇವತ್ತು ಶುಕ್ರವಾರ ಅಲ್ವಾ ಸಾಬ್ರೇ. ಅಮ್ಮನ ಒಪ್ಪತ್ತು ನಂದು. ಬಾಡಿನ ನೀರು ಸತ ನಾಲಿಗೆಗೆ ಮುಟ್ಟಿಸಲ್ಲ."

"ಒಂದು ಹನಿ. ಉಗುಳಿಬಿಡು."

"ಉಗುಳಿದ್ರೆ ಅವಳಿಗೆ ಗೊತ್ತಾಗಲ್ವಾ?" ಸಿಟ್ಟಿಲ್ಲದ ದನಿ. "ನಿಮ್ಮ ಮುಂದೆ ಸುಳ್ಳು ಹೊತ್ಕೊಂಡೆ. ಅವಳ ಮುಂದೆ ಹೊತ್ಕೊಳ್ಳೋಕೆ ಆಗಲ್ಲ."

ಅಲ್ಲಿಗೆ ಮುಗಿಯಿತು ಎಂದುಕೊಂಡ. ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಳ್ಳುತ್ತಿರುವಾಗ ಅವಳು ಸೊಪ್ಪಿನ ಬುಟ್ಟಿಗೆ ಒದ್ದೆ ಗೋಣಿ ಮುಚ್ಚಿ, ಒಳಗೆ ಹೋಗಿ ಈಳಿಗೆಮಣೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. "ನಡೀರಿ. ರುಚಿ ನೋಡಲ್ಲ. ಈರುಳ್ಳಿ ಹೆಚ್ತೀನಿ, ಹತ್ರ ಕೂತಿರ್ತೀನಿ. ನೀವು ಒಂದ್ಸಲ ಹಾಕಿ. ಎರಡನೇ ಸಲ ಕೈ ಹೋದ್ರೆ ಕೂಗ್ತೀನಿ. ಮಿಕ್ಕಿದ್ದು ನಿಮ್ಮ ದೇವರು ನೋಡ್ಕೊಳ್ಳಲಿ. ಅವನಿಗೂ ಒಸಿ ಕೆಲಸ ಇರ್ಲಿ." ದಾರಿಯಲ್ಲಿ ಅವಳು, ಎಲ್ಲರ ಮುಂದೆ ನಿಜ ಹೇಳಬೇಕು ಎಂದು ಕೇಳುತ್ತಾಳೆಂದು ಅವನು ಕಾದ. ಕೆರೆ ದಾಟಿತು, ಬಜಾರು ಬಂತು. ಅವಳು ಮಳೆಯ ವಿಷಯ ಮಾತಾಡಿದಳು, ಸೀಮೆಎಣ್ಣೆ ಸಿಗದ ವಿಷಯ ಮಾತಾಡಿದಳು. ಅದನ್ನು ಕೇಳಲೇ ಇಲ್ಲ. ಕೇಳಿದ್ದರೆ ಅವನು ಚೌಕಾಸಿ ಮಾಡುತ್ತಿದ್ದನೋ ಏನೋ.

ಮನೆಯ ಹಿಂದಿನ ಬಯಲಿನಲ್ಲಿ ಶಾಮಿಯಾನ ಕಟ್ಟಿದ್ದರು. ಜುಮ್ಮಾ ನಮಾಜಿಗೆ ಮೊದಲೇ ನಿಕಾಹ್, ಊಟ ಎರಡೂ ಆಗಬೇಕೆಂದು ಗಂಡಿನ ಕಡೆಯವರ ಹತ್ತಿರ ಮಾತಾಗಿತ್ತು. ಕೈಯಾಳುಗಳು ಒಲೆ ಹೊತ್ತಿಸಿ ಅಪ್ಪನ ಕಾಲದ ತಾಮ್ರದ ದೇಗವನ್ನು, ಇಬ್ಬರು ಒಳಗೆ ಕೂರಬಹುದಾದ ಆ ಪಾತ್ರೆಯನ್ನು, ಮೇಲೇರಿಸಿದ್ದರು. ಸನಾವುಲ್ಲಾ ತೋಳು ಮಡಿಸಿದ. ಮೊದಲ ಒಂದು ಗಂಟೆ ಭಯ ಹತ್ತಿರ ಬರಲಿಲ್ಲ. ಈರುಳ್ಳಿ ಹೊಂಬಣ್ಣಕ್ಕೆ ತಿರುಗುವುದಕ್ಕೆ ಮೂಗು ಬೇಡ, ಕಣ್ಣು ಸಾಕು. ಮಸಾಲೆಯ ಹಸಿ ಹೋದದ್ದು ಎಣ್ಣೆಯ ಸದ್ದು ಇಳಿದಾಗ ಕಿವಿಗೇ ತಿಳಿಯುತ್ತದೆ. ಮಾಂಸ ಬೆಂದದ್ದನ್ನು ಬೆರಳು ಹೇಳುತ್ತದೆ. ಇಷ್ಟು ವರ್ಷ ಎಲ್ಲವನ್ನೂ ನಾಲಿಗೆಯೇ ಮಾಡುತ್ತಿದೆಯೆಂದು ಮೆರೆಸಿದ್ದ. ಕಣ್ಣು, ಕಿವಿ, ಬೆರಳು, ಉಳಿದ ಈ ಆಳುಗಳು ಮೂಲೆಯಲ್ಲಿ ಸುಮ್ಮನೆ ದುಡಿಯುತ್ತಿದ್ದವು. ರಂಜಾನಿನಲ್ಲಿ ಉಪವಾಸ ಹಿಡಿದು ಮಸೀದಿಗೆ ಗಂಜಿ ಕುದಿಸುತ್ತಿದ್ದ ಮಧ್ಯಾಹ್ನಗಳು ನೆನಪಾದವು. ಸೌಟನ್ನು ತುಟಿಗೂ ತಾಕಿಸದೆ ಇಪ್ಪತ್ತೆಂಟು ರಂಜಾನು ಅಡುಗೆ ಮಾಡಿದ್ದ, ಒಂದು ದಿನ ಕೆಟ್ಟಿರಲಿಲ್ಲ. ಆಗ ಹೆದರಿಕೆ ಯಾಕಿರಲಿಲ್ಲ? ಸಂಜೆ ಮಸೀದಿಯಲ್ಲಿ ಬಾಂಗ್ ಆಗುತ್ತದೆ, ಖರ್ಜೂರ ಬಾಯಿಗೆ ಬೀಳುತ್ತದೆ, ರುಚಿ ತಿರುಗಿ ಬರುತ್ತದೆ ಎಂಬ ಧೈರ್ಯ. ಅದು ನಂಬಿಕೆಯಾಗಿತ್ತೋ, ಗಡಿಯಾರದ ಮೇಲಿನ ಭರವಸೆಯಾಗಿತ್ತೋ. ಈಗಿನ ಉಪವಾಸಕ್ಕೆ ಸಂಜೆ ಎಷ್ಟು ಹೊತ್ತಿಗೆ ಎಂದು ಯಾರೂ ಹೇಳಿಲ್ಲ. ಸಂಜೆ ಇದೆಯೆಂದೂ ಹೇಳಿಲ್ಲ.

ಎಸರು ಮರಳತೊಡಗಿತು. ಅಕ್ಕಿ ಬೀಳುವ ಮುಂಚೆ ಉಪ್ಪು ಬೀಳಬೇಕು. ಉಪ್ಪಿನ ಡಬ್ಬಿ ಕಾಲ ಹತ್ತಿರವೇ ಇತ್ತು. ಕಲ್ಲುಪ್ಪು; ಅವನ ಕೈಗೆ ಏಳು ಹಿಡಿ. ಒಂದು, ಎರಡು, ಮೂರು. ಕೈ ಬೆವೆತು ಉಪ್ಪು ಅಂಗೈಗೆ ಅಂಟಿತು. ಏಳನೆಯ ಹಿಡಿ ಎತ್ತುವಾಗ ಹರಳುಗಳು ಬೆರಳ ಸಂದಿಯಿಂದ ಜಾರಿದವು. ಹಿಡಿ ತುಂಬಿತ್ತೆ, ಅರ್ಧವೆ? ಒಂದಿಷ್ಟು ಬೂದಿಗೆ ಚೆಲ್ಲಿತೆ? "ಬಿಸ್ಮಿಲ್ಲಾ" ಎಂದು ಬಿಟ್ಟ. ಉಪ್ಪು ಕುದಿಯುವ ನೀರಿನಲ್ಲಿ ಸದ್ದಿಲ್ಲದೆ ಕರಗಿಹೋಯಿತು. ಕರಗಿದ ಮರುಕ್ಷಣವೇ ಅದು ಬಂತು, ಮಂಜೂರ್ ಸಾಹೇಬರ ಅಂಗಳದಲ್ಲಿ ಬಂದದ್ದೇ. ಆರೋ, ಏಳೋ? ಹಾಕಿದ್ದು ನಿಜವೋ, ಹಾಕಿದೆನೆಂದು ಕನಸು ಕಂಡದ್ದೋ? ಸೌಟು ಎತ್ತಿ ನಾಲಿಗೆಗೆ ಬಿಟ್ಟುಕೊಂಡ. ಬಿಸಿನೀರು. ಇನ್ನೊಂದು ಹನಿ. ಬಿಸಿನೀರು. ಕೈ ಡಬ್ಬಿಯ ಕಡೆಗೆ ಇಳಿಯುತ್ತಿತ್ತು. ಇಳಿಸುತ್ತಿದ್ದವನು ತಾನಲ್ಲ ಎನ್ನುವ ಹಾಗೆ ಅವನು ಅದನ್ನು ನೋಡುತ್ತಿದ್ದ.

"ಸಾಬ್ರೇ." ಚಿಕ್ಕಮುನಿಯಮ್ಮ ಪುದೀನದ ಎಲೆ ಬಿಡಿಸುತ್ತಿದ್ದವಳು ತಲೆಯೆತ್ತಿರಲಿಲ್ಲ. "ಹಾಕಾಯ್ತು."

ಕೈ ಗಾಳಿಯಲ್ಲಿ ನಿಂತಿತು. ಆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದಿದೆಯಲ್ಲ, ಅದು ದೇಗ ಎತ್ತುವುದಕ್ಕಿಂತ ಭಾರವಾಗಿತ್ತು. ಎಳೆದುಕೊಂಡರೆ ಮುಂದಿನದು ತನ್ನದಲ್ಲ. ಸರಿಹೋದರೂ ತನ್ನದಲ್ಲ, ಕೆಟ್ಟರೂ ತಾನು ಮತ್ತೆ ಮುಟ್ಟಿ ನೆಟ್ಟಗೆ ಮಾಡುವಂತಿಲ್ಲ. ಐದು ತಿಂಗಳು ದುಆದಲ್ಲಿ ಕೈಯೆತ್ತಿ ಅವನು ಬೇಡಿದ್ದು ಒಂದೇ, ನನ್ನ ನಾಲಿಗೆ ಕೊಡು. ಕೊಟ್ಟರೆ ನಿನ್ನನ್ನು ನಂಬುತ್ತೇನೆ ಎಂಬ ಮಾತು ಅದರ ಹಿಂದೆ ಬಾಲದಂತೆ ಅಲ್ಲಾಡುತ್ತಿದ್ದುದು ಇವತ್ತು ಕಂಡಿತು. ಹಮೀದಾ ಹೇಳಿದ ಅರ್ಧ ಇದೇ. ಅವನು ಬಗ್ಗಿ ಉಪ್ಪಿನ ಡಬ್ಬಿಯನ್ನು ಎತ್ತಿಕೊಂಡ. ಬಯಲು ದಾಟಿ, ಹೆಂಗಸರ ಪರದೆಯ ಹತ್ತಿರ ಹೋಗಿ, "ಹಮೀದಾ, ಇದನ್ನ ಒಳಗಿಡು. ನಾನೇ ಬಂದು ಕೇಳಿದ್ರೂ ಕೊಡ್ಬೇಡ" ಎಂದ. ಪರದೆಯ ಕೆಳಗಿನಿಂದ ಒಂದು ಕೈ ಬಂದು ಡಬ್ಬಿಯನ್ನು ತೆಗೆದುಕೊಂಡಿತು. ತಿರುಗಿ ಬರುವಾಗ ಅವನ ತುಟಿ ಅಲುಗುತ್ತಿತ್ತು: ಯಾ ಅಲ್ಲಾಹ್, ನಾಲಿಗೆ ಕೇಳುವುದಿಲ್ಲ. ಕೊಡುವುದು ಬಿಡುವುದು ನಿನ್ನದು. ಈ ದೇಗ ನಿನ್ನದು, ಆ ಮುದುಕಿಯ ಮಾನ ನಿನ್ನದು, ನನ್ನ ಮಗಳು ನಿನ್ನವಳು. ನನ್ನ ಕೈಯಲ್ಲಿ ಈಗ ಏನೂ ಇಲ್ಲ.

ಅಕ್ಕಿ ಬಿತ್ತು. ನೀರು ಇಂಗಿತು. ಮುಚ್ಚಳ ಹಾಕಿ, ಅಂಚಿಗೆ ಮೈದಾಹಿಟ್ಟು ಮೆತ್ತಿ, ಮೇಲೆ ಕೆಂಡ ಹರಡಿದ. ಸೋಪು ಹಚ್ಚಿ ಕೈ ತೊಳೆದು ಹೊಸ ಶೇರ್ವಾನಿ ತೊಟ್ಟು ನಿಕಾಹಿನ ಜಮಖಾನದ ಮೇಲೆ ಬಂದು ಕುಳಿತಾಗ ಅವನ ಎಡಕ್ಕೆ ಮಂಜೂರ್ ಸಾಹೇಬರು, ಬಲಕ್ಕೆ ಬೀಗರು ಅಹ್ಮದ್ ಪಾಷಾ. ಕೆ.ಆರ್. ಪುರದ ಕಡೆಯವರು, ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ತೂಕದ ಮಾತಿನವರು. ಮದುಮಗ ಮುನಾವರ್ ಮುಖಕ್ಕೆ ಇಳಿಬಿಟ್ಟ ಹೂವಿನ ಸೆಹ್ರಾದ ಹಿಂದೆ ಬೆವರುತ್ತಿದ್ದ. ವಿಮಾನದ ಕಾರ್ಖಾನೆಯಲ್ಲಿ ಕೆಲಸ, ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸು. "ಘಮ್ ಅಂತಿದೆ ಭಾಯಿ" ಎಂದು ಯಾರೋ ಹಿಂದಿನಿಂದ ಹೇಳಿದರು. ಒಲೆಯ ಕಡೆಯಿಂದ ಗಾಳಿ ಬೀಸಿದಾಗಲೆಲ್ಲ ಜನ ಮುಖ ಎತ್ತುವುದನ್ನು ಸನಾವುಲ್ಲಾ ನೋಡಿದ. ಅವನ ಮುಖಕ್ಕೂ ಅದೇ ಗಾಳಿ ಬಂತು, ಬರಿಗಾಳಿ. ಖಾಜಿ ಸಾಹೇಬರು ಅವನ ಕಡೆ ತಿರುಗಿ, ನಿಮ್ಮ ಮಗಳು ವಾಜಿದಾಳನ್ನು ಇವರಿಗೆ ಕೊಟ್ಟಿರೇ ಎಂದು ಕೇಳಿದಾಗ ಅವನು ಸೆಹ್ರಾದ ಹಿಂದಿನ ಮುಖವನ್ನು ನೋಡಿದ. ಈ ಹುಡುಗನ ಸಿಟ್ಟು ಎಂಥದ್ದು? ಇವರ ಮನೆಯ ಬೇಸಿಗೆ ಎಂಥದ್ದು? ಒಂದು ಹನಿ ಬಾಯಿಗೆ ಬಿಟ್ಟುಕೊಂಡು ನೋಡಿ ಕೊಡುವ ವಸ್ತುವೇ ಇದು? ಲೋಕದ ಯಾವ ಅಪ್ಪನಿಗೆ ಇದಕ್ಕೆ ನಾಲಿಗೆ ಇದೆ? ಎಷ್ಟು ಸಾವಿರ ಜನ ಹೀಗೆ ಕಣ್ಣುಮುಚ್ಚಿ ಕೊಟ್ಟಿದ್ದಾರೆ, ಅವರ ದೇಗ ಕಾಯುತ್ತ ತಾನು ಒಂದು ದಿನವೂ ಅವರ ಮುಖ ನೋಡಲಿಲ್ಲವಲ್ಲ. "ಕೊಟ್ಟೆ," ಎಂದ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಬಂತು. ಖರ್ಜೂರಗಳು ತಲೆಯ ಮೇಲಿಂದ ಹಾರಿದವು, ಜನ ನಗುತ್ತ ಬಾಚಿಕೊಂಡರು, ಅಪ್ಪಿಕೊಂಡರು.

ಊಟದ ದಸ್ತರಖಾನ್ ಹಾಸಿದರು. ಜನ ಸಾಲು ಹಿಡಿದು ಕುಳಿತರು. ಸನಾವುಲ್ಲಾ ದೇಗದ ಹತ್ತಿರ ಹೋಗಿ ಕೆಂಡ ಸರಿಸಿದವನು ಮುಚ್ಚಳದ ಮೆತ್ತಿಗೆಗೆ ಕೈ ಹಾಕದೆ ತಿರುಗಿ ನಿಂತ. ಈಗ ಹೇಳದಿದ್ದರೆ, ಮುಚ್ಚಳ ತೆಗೆದು ರುಚಿ ಸರಿಯಿದ್ದರೆ, ಇನ್ನೆಂದೂ ಹೇಳುವುದಿಲ್ಲವೆಂದು ಅವನಿಗೆ ತನ್ನ ವಿಷಯದಲ್ಲಿ ಖಾತ್ರಿಯಿತ್ತು. ಗೆದ್ದವನಾಗಿ ಹೇಳುವುದು ಬೇರೆ. ಏನಾಗುತ್ತದೆಂದು ತಿಳಿಯದೆ ಹೇಳುವುದು ಬೇರೆ.

"ಒಂದು ಮಾತು," ಎಂದ. ದನಿ ಸಣ್ಣದಾಗಿತ್ತು. ಮತ್ತೆ ಹೇಳಿದ: "ಊಟಕ್ಕೆ ಮುಂಚೆ ಒಂದು ಮಾತಿದೆ. ಮಂಜೂರ್ ಸಾಬ್, ನಿಮಗೇ ಹೇಳ್ಬೇಕು."

ಗುಜುಗುಜು ನಿಂತಿತು. ಅಹ್ಮದ್ ಪಾಷಾ ಹುಬ್ಬು ಗಂಟಿಕ್ಕಿದರು. ಮದುವೆ ಮನೆಯಲ್ಲಿ ಹೆಣ್ಣಿನ ಅಪ್ಪ ಒಲೆಯ ಮುಂದೆ ನಿಂತು ಭಾಷಣ ಮಾಡುವುದನ್ನು ಅವರು ಕಂಡಿರಲಿಲ್ಲ.

"ನಿಮ್ಮ ಮಗನ ಮದುವೇಲಿ ಬಿರಿಯಾನಿ ಉಪ್ಪಾಯ್ತು. ಈ ಅಕ್ಕನ ಮೇಲೆ ಹೇಳ್ದೆ. ಇವಳು ಹಾಕಿರ್ಲಿಲ್ಲ, ನಾನೇ ಎರಡು ಸಲ ಹಾಕಿದ್ದೆ. ಜ್ವರ ಬಂದು ನನ್ನ ನಾಲಿಗೆ ಹೋಗಿದೆ. ರುಚಿ ಇಲ್ಲ, ವಾಸನೆ ಇಲ್ಲ. ಇವತ್ತಿಗೂ ಇಲ್ಲ. ಎಲ್ಲರ ಮುಂದೆ ಇವಳನ್ನ ಕಳ್ಳಿ ಥರ ಎಬ್ಬಿಸಿ ಕಳಿಸಿದ್ರಿ, ನಾನು ನೋಡ್ತಾ ನಿಂತಿದ್ದೆ. ಅದಕ್ಕೆ ಎಲ್ಲರ ಮುಂದೇನೇ ಹೇಳ್ತಿದೀನಿ." ಉಸಿರು ತೆಗೆದುಕೊಂಡ. "ಇದರೊಳಗೆ ಏನಿದೆ ಅಂತ ನನಗೆ ಗೊತ್ತಿಲ್ಲ. ಒಂದೇ ಸಲ ಉಪ್ಪು ಹಾಕಿ ಅಲ್ಲಾಹನ ಹೆಸರಲ್ಲಿ ಮುಚ್ಚಿದೀನಿ. ಚೆನ್ನಾಗಿದ್ರೆ ಅವನ ದಯೆ. ಇಲ್ದಿದ್ರೆ ನನ್ನನ್ನ ಕ್ಷಮಿಸಿ, ರಾಗಿ ರೊಟ್ಟಿ ಆದ್ರೂ ಮಾಡಿಸ್ತೀನಿ."

ಯಾರೋ ಫಕ್ಕನೆ ನಕ್ಕರು. "ನಾಲಿಗೆ ಇಲ್ಲದ ಬಾವರ್ಚಿ" ಎಂದು ಹಿಂದಿನ ಸಾಲಿನಲ್ಲಿ ಪಿಸುಮಾತು ಹರಿಯಿತು. ಆ ಮಾತನ್ನು ಅವನು ಎಷ್ಟು ರಾತ್ರಿ ತಾನೇ ತನಗೆ ಹೇಳಿಕೊಂಡಿದ್ದನೆಂದರೆ ಬೇರೆಯವರ ಬಾಯಲ್ಲಿ ಅದು ಸವೆದ ಕಾಸಿನಂತೆ ಕೇಳಿಸಿತು. ಮಂಜೂರ್ ಸಾಹೇಬರು ಕುಳಿತಲ್ಲಿಂದ ಎದ್ದರು. ಭಾರಿ ಆಳು, ಮೊಣಕಾಲು ಹಿಡಿದು ಎದ್ದು, ಜನರನ್ನು ದಾಟಿಕೊಂಡು ಬಂದು, ಸನಾವುಲ್ಲಾನ ಕಡೆ ತಿರುಗಿಯೂ ನೋಡದೆ, ಪುದೀನದ ಕಡ್ಡಿಗಳ ನಡುವೆ ಕುಳಿತಿದ್ದ ಚಿಕ್ಕಮುನಿಯಮ್ಮನ ಮುಂದೆ ನಿಂತರು. "ಅಮ್ಮಾ, ತಪ್ಪಾಯ್ತು. ವಿಚಾರಿಸದೆ ಮಾತಾಡ್ಬಿಟ್ಟೆ," ಎಂದರು. "ನಮ್ಮ ಮನೆ ಗೇಟು ದಾಟಿ ಹೋದ್ರಲ್ಲ, ಅದೇ ಗೇಟಿಂದ ನಾನೇ ಒಳಗೆ ಕರ್ಕೊಂಡು ಹೋಗ್ಬೇಕು. ಬಕ್ರೀದಿಗೆ ಬರ್ಬೇಕು ನೀವು." ಚಿಕ್ಕಮುನಿಯಮ್ಮ ಎದ್ದು ನಿಂತಿದ್ದಳು. "ಬರ್ತೀನಿ ಬಿಡಿ ಸಾಬ್ರೇ. ಶುಕ್ರವಾರ ಬಿದ್ರೆ ಮಾತ್ರ ಉಣ್ಣಲ್ಲ," ಎಂದಳು. ಮೊದಲ ಸಾಲಿನವರು ನಕ್ಕರು. ಅವಳೂ ನಕ್ಕಳು, ಆಮೇಲೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಈರುಳ್ಳಿಗೆ ಬಾರದ ನೀರು.

ಮೆತ್ತಿಗೆ ಒಡೆಯಿತು, ಮುಚ್ಚಳ ಮೇಲೆದ್ದಿತು. ಆವಿ ಬಿಳಿಯ ಕಂಬದಂತೆ ಶಾಮಿಯಾನದ ಬಟ್ಟೆಗೆ ಮುಟ್ಟಿತು. ಅನ್ನ ಒಂದಕ್ಕೊಂದು ಅಂಟದೆ ಉದ್ದವಾಗಿ ನಿಂತಿತ್ತು. ಕಣ್ಣು ಅಷ್ಟು ಹೇಳಿತು. ತಟ್ಟೆಗಳು ಹೋದವು, ನಾಲ್ಕು ನಾಲ್ಕು ಜನರಿಗೆ ಒಂದರಂತೆ. ಹಿರಿಯರಾದ್ದರಿಂದ ಅಹ್ಮದ್ ಪಾಷಾ ಮೊದಲ ತುತ್ತು ತೆಗೆದುಕೊಂಡರು. ಅಗಿದರು. ಎಲ್ಲರ ಕಣ್ಣೂ ಅವರ ದವಡೆಯ ಮೇಲಿತ್ತು. ನುಂಗಿದರು. ಇನ್ನೊಂದು ಸಣ್ಣ ತುತ್ತು ತೆಗೆದುಕೊಂಡು, ತೂಗಿ ನೋಡುವವರ ಹಾಗೆ ತಲೆ ಒಂದು ಬದಿಗೆ ವಾಲಿಸಿ, ಹೇಳಿದರು: "ಉಪ್ಪು... ಒಂದು ಚಿಟಿಕೆ ಕಮ್ಮಿ."

ಐದು ತಿಂಗಳು ರಾತ್ರಿ ಹಗಲು ಸನಾವುಲ್ಲಾ ಹೆದರಿಕೊಂಡಿದ್ದ ಗಳಿಗೆ ಅದು. ಅದನ್ನು ತಪ್ಪಿಸಿಕೊಳ್ಳಲು ಒಬ್ಬ ಮುದುಕಿಯ ಮಾನ ಕಳೆದಿದ್ದ, ಹೆಂಡತಿಯ ಮುಂದೆ ನಾಟಕ ಆಡಿದ್ದ. ಬಂತು. ಬಂದು ಎದುರಿಗೆ ನಿಂತಿತು. ನೋಡಿದರೆ ಇಷ್ಟೇ ಇಷ್ಟು, ಬೆರಳ ತುದಿಯಲ್ಲಿ ಹಿಡಿಯುವಷ್ಟು. ಅಳು ಬರುತ್ತಿದೆಯೆಂದು ಹೆದರಿದ, ನಗುವಾಗಿ ಹೊರಬಿತ್ತು. ತಡೆಯಲಾಗದ ನಗು, ಮೈಯೆಲ್ಲ ಕುಲುಕುವ ನಗು. "ಚಿಟಿಕೆನಾ ಪಾಷಾ ಸಾಬ್? ಬರೀ ಚಿಟಿಕೆ?" ಎಂದು ಕೇಳಿ, ಪರದೆಯ ಕಡೆ ತಿರುಗಿ ಗಟ್ಟಿಯಾಗಿ ಕೂಗಿದ: "ಹಮೀದಾ! ಉಪ್ಪು ಕಳಿಸು!"

"ನೀವೇ ಬಂದು ಕೇಳಿದ್ರೂ ಕೊಡ್ಬೇಡ ಅಂದಿದ್ರಲ್ಲ!" ಎಂದು ಒಳಗಿನಿಂದ ಹಮೀದಾಳ ದನಿ ಬಂತು, ಅದರ ಹಿಂದೆಯೇ ಹೆಂಗಸರ ನಗು, ನಗುವಿನ ನಡುವೆ ಮದುಮಗಳ ಬಳೆಗಳ ಸದ್ದು. ಸಣ್ಣ ತಟ್ಟೆಗಳಲ್ಲಿ ಉಪ್ಪು ಬಂದು ಸಾಲಿನುದ್ದಕ್ಕೂ ಕೈಯಿಂದ ಕೈಗೆ ಹೋಯಿತು. ಜನ ಚಿಟಿಕೆ ಚಿಟಿಕೆ ಉದುರಿಸಿಕೊಂಡರು, ಕೆಲವರು ಬೇಡವೆಂದರು. ಆಮೇಲೆ ಶಾಮಿಯಾನದ ಕೆಳಗೆ ಮಾತು ನಿಂತಿತು. ಬಾವರ್ಚಿಗೆ ಮಾತ್ರ ಗೊತ್ತಿರುವ ಮೌನ ಅದು. ಹಸಿದವರು ಮನಸ್ಸಿಟ್ಟು ಉಣ್ಣುವಾಗಿನದು, ಬೆರಳು ತಟ್ಟೆಗೆ ತಾಕುವ ಸದ್ದಷ್ಟೇ ಇರುವುದು. ಅಕ್ತರ್ ಎರಡನೆಯ ಸಲ ತಟ್ಟೆ ಚಾಚಿದ್ದನ್ನು ಅವನು ಕಣ್ಣಾರೆ ಕಂಡ. ಅಲ್ಲಿ ಒಲೆಯ ಪಕ್ಕದಲ್ಲಿ, ಹಮೀದಾ ಕಳಿಸಿದ್ದ ಬಾಳೆಹಣ್ಣು ಹಾಲಿನ ಮುಂದೆ ಕುಳಿತ ಚಿಕ್ಕಮುನಿಯಮ್ಮನನ್ನು ಯಾರೋ ಇಬ್ಬರು, ಮುಂದಿನ ತಿಂಗಳು ಬಿಡುವಿದೆಯೇ ಎಂದು ವಿಚಾರಿಸುತ್ತಿದ್ದರು.

"ನಿಂತ್ಕೊಂಡು ಏನು ನೋಡ್ತೀರಿ ಬೀಗರೇ, ಕೂತ್ಕೊಳ್ಳಿ," ಎಂದು ಅಹ್ಮದ್ ಪಾಷಾ ಅವನ ಶೇರ್ವಾನಿಯ ಅಂಚು ಹಿಡಿದು ತಮ್ಮ ತಟ್ಟೆಯ ಪಕ್ಕಕ್ಕೆ ಎಳೆದರು. ಅವರು, ಮುನಾವರ್, ಮಂಜೂರ್ ಸಾಹೇಬರು, ಅವನು. ಸನಾವುಲ್ಲಾ ಒಂದು ತುತ್ತು ಬಾಯಿಗಿಟ್ಟ. ಮೆತ್ತಗಿತ್ತು, ಬಿಸಿಯಿತ್ತು. ಇನ್ನೇನೂ ಇರಲಿಲ್ಲ. ಇಲ್ಲದಿರುವುದನ್ನು ಹುಡುಕುತ್ತ ನಾಲಿಗೆ ಒದ್ದಾಡಲಿಲ್ಲ, ಅದೊಂದು ಅವನಿಗೇ ಆಶ್ಚರ್ಯ. ಮುನಾವರ್ ಸೆಹ್ರಾವನ್ನು ಕಿವಿಯ ಹಿಂದೆ ಸರಿಸಿ, ಮಾವನ ಮುಖವನ್ನು ಓರೆಗಣ್ಣಿನಲ್ಲಿ ನೋಡಿ, ಸಂಕೋಚದಿಂದ ಕೇಳಿದ: "ಮಾಮೂ, ಏನೂ ಗೊತ್ತಾಗಲ್ವಾ?"

"ಇಲ್ಲಪ್ಪ. ನೀನು ಹೇಳು, ಹೇಗಿದೆ?"

ಹುಡುಗ ಯೋಚಿಸಿದ. ಲೋಹದ ತಗಡುಗಳ ಜೊತೆ ದಿನ ಕಳೆಯುವವನಿಗೆ ಮಾತು ತಕ್ಷಣ ಸಿಗಲಿಲ್ಲ. "ಮೊದಲು ಪುದೀನ ಬರ್ತದೆ. ತಣ್ಣಗೆ. ಅದು ಹೋಗ್ತಿದ್ದ ಹಾಗೆ ಹಿಂದಿನಿಂದ ಖಾರ, ಮೆಲ್ಲಗೆ."

"ಖಾರಕ್ಕೆ ಮುಂಚೆ ತುಪ್ಪ ಇದೆ ಕಣೋ," ಎಂದರು ಮಂಜೂರ್ ಸಾಹೇಬರು ಬಾಯಿ ತುಂಬಿಕೊಂಡು. "ಬಿಟ್ಬಿಟ್ಯಲ್ಲ. ಮಾಂಸ ಬೆಣ್ಣೆ, ಸನಾವುಲ್ಲಾ. ಹಲ್ಲು ಬೇಡ."

"ಈಗ ನನಗೊಂದು ಏಲಕ್ಕಿ ಸಿಕ್ತು," ಎಂದರು ಅಹ್ಮದ್ ಪಾಷಾ ಕಣ್ಣು ಮುಚ್ಚಿ. "ತಡೀರಿ, ಹೇಳ್ತೀನಿ."

ಸನಾವುಲ್ಲಾ ಎರಡನೆಯ ತುತ್ತು ಕಟ್ಟಿಕೊಂಡು ಅವರು ಹೇಳುವುದಕ್ಕೆ ಕಾದ.